ಸುಟ್ಟ ಮಣ್ಣಿನ ತೂಕ

ನಮ್ಮ ಮನೆಯಲ್ಲಿ ಕಸ ಗುಡಿಸುವುದು ಎಸೆಯುವುದಕ್ಕಲ್ಲ. ಹುಪರಿಯಲ್ಲಿ ಬೆಳ್ಳಿ ಕೆಲಸದವರ ಯಾವ ಮನೆಗೆ ಹೋದರೂ ಇದೇ ಕತೆ. ಕಾಲ್ಗೆಜ್ಜೆಯ ಕೊಂಡಿ ಬೆಸೆಯುವಾಗ, ಅರ ಹಾಕಿ ಉಜ್ಜುವಾಗ ಉದುರಿದ ಬೆಳ್ಳಿಯ ಪುಡಿ ನೆಲದ ಧೂಳಿನಲ್ಲಿ ಸೇರಿಕೊಂಡಿರುತ್ತದೆ. ಹೀಗಾಗಿ ನೆಲದ ಕಸ, ಕೈ ಒರೆಸಿದ ಚಿಂದಿ, ಕೈ ತೊಳೆದ ನೀರಿನ ತಳದ ರಾಡಿ, ಎಲ್ಲವನ್ನೂ ಗಂಟು ಕಟ್ಟಿ ಇಡುತ್ತಾರೆ. ಗಂಟು ತುಂಬಿದ ಮೇಲೆ ನಮ್ಮ ಮನೆಗೆ ತರುತ್ತಾರೆ. ಅದನ್ನು ಸುಟ್ಟು, ತೊಳೆದು, ಒಳಗಿನ ಬೆಳ್ಳಿಯನ್ನು ಕರಗಿಸಿ ಗಟ್ಟಿ ಮಾಡಿ ಕೊಡುವುದು ನನ್ನ ಅಪ್ಪನ ತಾಯಿ ರಂಗುಬಾಯಿಯ ಕಸುಬು. ನಾವು ಅವಳನ್ನು ಆಯಿ ಎನ್ನುತ್ತೇವೆ. ನಲವತ್ತು ವರ್ಷ ಊರಿನ ಧೂಳೆಲ್ಲ ಅವಳ ಕೈಯಲ್ಲಿ ಹಾದು ಹೋಗಿದೆ. ಒಂದು ಗುಂಜಿ ಬೆಳ್ಳಿ ಕಡಿಮೆ ಬಂತೆಂದು ಯಾರೂ ಬಾಗಿಲಿಗೆ ಬಂದಿಲ್ಲ.

ಆಯಿಯ ಭಟ್ಟಿಗೆ ಅದರದೇ ರೀತಿನೀತಿ ಇದೆ. ಒಬ್ಬರ ಧೂಳನ್ನು ಇನ್ನೊಬ್ಬರದಕ್ಕೆ ಕೂಡಿಸಿ ಸುಡುವ ಹಾಗಿಲ್ಲ. ಸುಡುವ ಮುಂಚೆ ತೂಕ ಮಾಡಬೇಕು, ಸುಟ್ಟ ಮೇಲೂ ಮಾಡಬೇಕು, ಎರಡನ್ನೂ ಭಟ್ಟಿಯ ಹಿಂದಿನ ಗೋಡೆಯ ಮೇಲೆ ಇದ್ದಿಲಿನಿಂದ ಬರೆಯಬೇಕು. ಹೀಗೆ ಬರೆದು ಬರೆದು ಆ ಗೋಡೆ ಕರ್ರಗಾಗಿದೆ. ದೀಪಾವಳಿಗೆ ಸುಣ್ಣ ಬಳಿಯಲು ಅಪ್ಪ ಹೋದರೆ ಆಯಿ ಬೆನ್ನು ಕೊಟ್ಟು ಅಡ್ಡ ನಿಲ್ಲುತ್ತಾಳೆ.

ಇಂಥ ಮನೆಯ ಹುಡುಗಿ ನಾನು, ಸಾಯಲಿ, ಕೊಲ್ಲಾಪುರದಲ್ಲಿ ಎಂ.ಎಸ್ಸಿ. ಓದುತ್ತ ಮಣ್ಣಿನ ಹಿಂದೆ ಬಿದ್ದೆ. ಗಡಹಿಂಗ್ಲಜದ ಆಚೆ ಆಯಿಯ ತವರು. ಊರ ಬೆನ್ನಿಗೊಂದು ಗುಡ್ಡ. ಗುಡ್ಡದ ಒಂದು ಮಗ್ಗುಲು ವರ್ಷವರ್ಷ ಸುಡುತ್ತದೆ. ಫೆಬ್ರವರಿ ಬಂತೆಂದರೆ ಒಣಗಿದ ಕರಡದ ಹುಲ್ಲಿಗೆ ಊರವರೇ ಕಡ್ಡಿ ಗೀರುತ್ತಾರೆ, ಸುಟ್ಟರೆ ಮಳೆಗೆ ಒಳ್ಳೆಯ ಹುಲ್ಲು ಬರುತ್ತದೆಂದು. ಇನ್ನೊಂದು ಮಗ್ಗುಲಿನಲ್ಲಿ ದೇವರ ಬನ. ಅಲ್ಲಿ ಯಾರೂ ಕಡ್ಡಿ ಗೀರುವುದಿಲ್ಲ, ಒಣ ಟೊಂಗೆಯನ್ನೂ ಮುರಿಯುವುದಿಲ್ಲ. ಒಂದೇ ಗುಡ್ಡ, ಒಂದೇ ಮಳೆ, ಒಂದೇ ಕಲ್ಲು. ನಡುವೆ ವ್ಯತ್ಯಾಸ ಬೆಂಕಿಯದೊಂದೇ. ಬೆಂಕಿ ಮಣ್ಣಿನೊಳಗಿನ ಇಂಗಾಲವನ್ನು ಎಷ್ಟು ಕಸಿಯುತ್ತದೆ ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಕ್ಕೀತು? ನನ್ನ ಪ್ರಬಂಧದ ಮಾರ್ಗದರ್ಶಕರಾದ ಮಲ್ಲಿನಾಥ ಸರ್ ಕೂಡ ಒಪ್ಪಿದರು.

ಜನವರಿಯಲ್ಲಿ ಹೋಗಿ ಹನ್ನೆರಡು ಗಂಟು ಮಣ್ಣು ತಂದೆ. ಸುಡುವ ಮಗ್ಗುಲಿನದು ಆರು, ಬನದ್ದು ಆರು. ಬನದ ಮಣ್ಣು ಕೈಯಲ್ಲಿ ಹಿಡಿದರೆ ಕಪ್ಪಗೆ, ಮೆತ್ತಗೆ, ಉದುರುದುರು. ಒಳಗೆ ಕೂದಲಿನಂಥ ಬೇರು, ಬೂಷ್ಟಿನ ಬಿಳಿ ಎಳೆ. ಸುಡುವ ಮಗ್ಗುಲಿನದು ಕೆಂಪು ಗರಸು. ಪ್ರಯೋಗಾಲಯಕ್ಕೆ ಒಯ್ಯುವ ಮುಂಚೆ ನೆರಳಲ್ಲಿ ಒಣಗಬೇಕು. ಹಾಸ್ಟೆಲ್ಲಿನಲ್ಲಿ ನನ್ನ ಮಂಚದ ಕೆಳಗೆ ಮಣ್ಣು ಹರಡಲು ಹೋದರೆ ಜೊತೆಯ ಹುಡುಗಿಯರು ನನ್ನನ್ನೇ ಹೊರಗೆ ಹಾಕುತ್ತಿದ್ದರು. ಹಾಗಾಗಿ ಹುಪರಿಗೆ ತಂದು, ಆಯಿ ಏರಲಾರದ ಅಟ್ಟದಲ್ಲಿ ಒಣಗಿಸಿ, ಒಂದೊಂದರಲ್ಲಿ ಅರ್ಧ ಕಿಲೋ ತುಂಬಿದೆ.

ಈಗ ನನ್ನ ಜಾಣತನ ನೋಡಿ. ಗಂಟು ಕಟ್ಟಿದ್ದು ಗಿರಾಕಿಗಳಿಗೆ ಕೊಡಲು ಆಯಿ ಹರಿದಿಟ್ಟ ಹಳೆ ಸೀರೆಯ ತುಂಡಿನಲ್ಲಿ. ಹಾಕಿದ್ದು ಆಯಿ ಕಲಿಸಿದ ಗಂಟು. ಚೀಟಿಯ ಮೇಲೆ ಒಂದರಿಂದ ಹನ್ನೆರಡರವರೆಗೆ ಅಂಕಿ ಬರೆದು ದಾರಕ್ಕೆ ಪೋಣಿಸಿದ್ದೂ ಅವಳ ಗಿರಾಕಿಗಳು ಮಾಡುವ ಹಾಗೆಯೇ. ಅಟ್ಟದಲ್ಲಿ ಇಲಿ ಕಾಟವೆಂದು ಭಟ್ಟಿಯ ಪಕ್ಕದ ಕಲ್ಲಿನ ಹಲಗೆಯ ಮೇಲೆ ಸಾಲಾಗಿ ಇಟ್ಟೆ. ಆಯಿ ಅಂದು ಕಣ್ಣಿನ ಪೊರೆ ತೋರಿಸಲು ಅಪ್ಪನ ಜೊತೆ ಇಚಲಕರಂಜಿಗೆ ಹೋಗಿದ್ದಳು. ಅವಳಿಗೊಂದು ಮಾತು ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಬಸ್ಸು ಹತ್ತಿ ಕೊಲ್ಲಾಪುರಕ್ಕೆ ಹೋದೆ. ಪ್ರಯೋಗಾಲಯದಲ್ಲಿ ನನ್ನ ಸರದಿ ಇದ್ದದ್ದು ಫೆಬ್ರವರಿ ಕೊನೆಯ ಸೋಮವಾರ.

ಅದರ ಹಿಂದಿನ ಗುರುವಾರ ಸಾವಕ್ಕಜ್ಜಿ ಫೋನ್ ಮಾಡಿದಳು. ಅವಳು ಆಯಿಯ ತಮ್ಮ ದತ್ತಾ ಅಜ್ಜನ ಹೆಂಡತಿ.

"ಸಾಯಲಿ, ದೇವರ ಬನಾ ಹೋತ ನೋಡ ಯವ್ವಾ. ಯಾರೋ ಕರಡಕ್ಕ ಕಡ್ಡಿ ಗೀರ್ಯಾರ, ಗಾಳಿ ತಿರಗೇತಿ. ನಿನ್ನಿ ಮಧ್ಯಾಹ್ನದಾಗ ಒಳಗ ಹೊಕ್ಕ ಬೆಂಕಿ ಇವತ್ತ ಮುಂಜಾನಿತನಕಾ ಆರಲಿಲ್ಲ. ರಂಗಕ್ಕಗ ನಾ ಹ್ಯಾಂಗ ಹೇಳ್ಲಿ? ನೀನ ಹೇಳ."

ನನಗೆ ಮೊದಲು ದುಃಖವಾಯಿತು. ಸುಳ್ಳೇಕೆ ಹೇಳಲಿ, ಅದರ ಹಿಂದೆಯೇ ಗಂಟುಗಳು ನೆನಪಾದವು. ಬನದ ಸುಡದ ಮಣ್ಣು ಇನ್ನು ಗುಡ್ಡದ ಮೇಲೆ ಎಲ್ಲಿಯೂ ಇಲ್ಲ. ನಮ್ಮ ಮನೆಯ ಹಲಗೆಯ ಮೇಲಿನ ಆರು ಗಂಟಿನಲ್ಲಿ ಮಾತ್ರ ಇದೆ. ಆ ಬನ ಹೇಗಿತ್ತೆಂಬುದಕ್ಕೆ ಉಳಿದ ಸಾಕ್ಷಿ ಅಷ್ಟೇ, ನನ್ನ ಎರಡು ವರ್ಷದ ಓದು ನಿಂತದ್ದೂ ಅದರ ಮೇಲೆಯೇ. ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹುಪರಿಗೆ ಬಂದೆ.

ಭಟ್ಟಿ ತಣ್ಣಗಾಗಿತ್ತು. ಆಯಿ ಅದರ ಮುಂದೆ ಮಣೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಸೀರೆಯ ಹನ್ನೆರಡು ತುಂಡುಗಳು, ಒಗೆದು, ನೀಟಾಗಿ ಮಡಚಿ ಒಂದರ ಮೇಲೊಂದು. ಮೇಲೆ ನನ್ನ ಚೀಟಿಗಳ ಕಟ್ಟು.

"ಆಯಿ, ಇದರಾಗಿನ ಮಣ್ಣ ಎಲ್ಲೈತಿ?"

ಅವಳು ತಲೆ ಎತ್ತಲಿಲ್ಲ. "ಸುಟ್ಟೇನಿ. ಎರಡ ದಿವ್ಸ ಸುಟ್ಟೇನಿ, ತೊಳದೇನಿ. ಒಂದ ಗುಂಜೀನೂ ಬೆಳ್ಳಿ ಬರಲಿಲ್ಲ ಸಾಯಲಿ. ಜೀವನಗ ಏನ್ ಹೇಳೂದು ತಿಳೀವಲ್ದು."

ಜೀವನ ಕಾಕಾ ನಮ್ಮ ಓಣಿಯವರು, ಕಾಲ್ಗೆಜ್ಜೆ ಮಾಡಿಸುತ್ತಾರೆ. ತಮ್ಮ ಹಳೆಯ ಕಾರ್ಖಾನೆಯ ಮಣ್ಣಿನ ನೆಲ ಅಗೆಸಿ ಫರ್ಶಿ ಕಲ್ಲು ಹಾಕಿಸುತ್ತೇನೆ, ಅಗೆದ ಮಣ್ಣನ್ನು ಕಳಿಸುತ್ತೇನೆ ಎಂದು ಆಯಿಗೆ ಹೇಳಿದ್ದರಂತೆ. ಐವತ್ತು ವರ್ಷ ಬೆಳ್ಳಿ ಉದುರಿದ ನೆಲ ಅದು. ಇಚಲಕರಂಜಿಯಿಂದ ಬಂದ ಆಯಿಗೆ ಹಲಗೆಯ ಮೇಲೆ ಹನ್ನೆರಡು ಗಂಟು ಮಣ್ಣು ಕಂಡಿತು. ಜೀವನನೇ ಇಟ್ಟು ಹೋಗಿದ್ದಾನೆ ಎಂದುಕೊಂಡಳು. ಬೇರೆ ಏನು ಅಂದುಕೊಳ್ಳಬೇಕಿತ್ತು? ಈ ವಾರ ಕೈ ಬಿಡುವಾದಾಗ ಸುಡಲು ಕೂತಳು. ಬೆಳ್ಳಿ ಬಾರದಿದ್ದಾಗ, ತೊಳೆಯುವಾಗ ಕಣ್ಣು ಕಾಣದೆ ಎಲ್ಲವನ್ನೂ ನೀರಿಗೆ ಬಿಟ್ಟೆನೆಂದು ಹೆದರಿದಳು. ಅವಳ ಕಾಲಿನ ಬೆಳ್ಳಿ ಕಡಗಗಳು ಮೂಸೆಯ ಪಕ್ಕದಲ್ಲಿ ಇದ್ದವು. ಜೀವನ ಕಾಕಾಗೆ ಕೊಡಲು ಅವನ್ನೇ ಕರಗಿಸಲು ಹೊರಟಿದ್ದಳು.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ಕ್ಷಣಕ್ಕೆ ತಲೆಯಲ್ಲಿ ಇದ್ದದ್ದು ಒಂದೇ: ಮಣ್ಣು ಹೋಯಿತು.

"ಅದು ಜೀವನ ಕಾಕಾಂದಲ್ಲ! ನನ್ನ ಮಣ್ಣದು! ಗುಡ್ಡದ ಮಣ್ಣು!"

ಆಯಿ ನನ್ನ ಮುಖ ನೋಡಿದಳು. "ಜೀವನಂದಲ್ಲೇನ? ಬರೇ ಮಣ್ಣೇನ?" ಎಂದಳು. ಆಮೇಲೆ ಎರಡೂ ಕೈ ಎತ್ತಿ ಮುಗಿದು ನಕ್ಕೇಬಿಟ್ಟಳು. "ಬರೇ ಮಣ್ಣ! ಯವ್ವಾ, ಉಳಕೊಂಡೆ!"

ಆ ನಗು ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಊರಿಗೆಲ್ಲ ಗೊತ್ತು. ಆದರೆ ಆಯಿಯ ಮುಂದೆ ಅಂದು ಆಡಿದ ಮಾತನ್ನು ಇವತ್ತಿಗೂ ಹಿಂದೆ ತೆಗೆದುಕೊಳ್ಳಲು ಆಗಿಲ್ಲ.

"ಕಣ್ಣ ಕಾಣಂಗಿಲ್ಲಂದ್ರ ಸುಮ್ಮ ಒಂದ ಮೂಲ್ಯಾಗ ಕುಂಡ್ರಬೇಕು! ಕೈಗೆ ಸಿಕ್ಕದ್ದೆಲ್ಲಾ ಸುಟ್ಟ ಕುಂಡ್ರೂದೇನ?"

ಒಳಗೆ ಕೊಂಡಿ ಬೆಸೆಯುತ್ತಿದ್ದ ಅಪ್ಪ ಎದ್ದು ಬಂದ. "ಸಾಯಲಿ," ಎಂದ, ಅಷ್ಟೇ. ನಮ್ಮಪ್ಪ ಜೋರು ಮಾಡುವ ಮನುಷ್ಯನಲ್ಲ. ಆ ಒಂದು ಮಾತಿಗೂ ನಾನು ಬಾಯಿ ಮುಚ್ಚಲಿಲ್ಲ. "ಬನಾ ಸುಟ್ಟ ಹೋಗೇತಿ ಅಪ್ಪಾ. ಆಯಿ ತವರಮನಿ ಬನಾ. ಅಲ್ಲೀ ಮಣ್ಣ ಉಳದಿದ್ದು ಇದ ಒಂದು. ಇದನ್ನ ಈಕಿ ಸುಟ್ಟಳು," ಎಂದು ಅಳುತ್ತಲೇ ಹೇಳಿದೆ.

ಆಯಿಯ ನಗು ನಿಂತಿತು. ಬನ ಸುಟ್ಟ ಸುದ್ದಿ ಅವಳಿಗೆ ಮುಟ್ಟಿದ್ದು ಹೀಗೆ.

ಅವಳು ಮಡಚಿಟ್ಟ ಸೀರೆಯ ತುಂಡುಗಳ ಮೇಲೆ ಕೈ ಆಡಿಸಿದಳು. ಮೆಲ್ಲಗೆ, "ಗಂಟ ಬಿಚ್ಚಿದಾಗ ತವರಿನ ವಾಸ್ನಿ ಬಂತ ಸಾಯಲಿ. ಮಳಿಗಾಲದಾಗ ಬನದಾಗ ಬರತೈತಲ್ಲ, ಅದ. ಜೀವನನ ಕಾರ್ಖಾನಿ ಮಣ್ಣಿಗೆ ಈ ವಾಸ್ನಿ ಎಲ್ಲಿಂದ ಬರಬೇಕು, ನನಗ ವಯಸ್ಸಾತು, ಭ್ರಮಾ ಅಂದಕೊಂಡೆ," ಎಂದಳು.

ನನ್ನ ಸಿಟ್ಟು ಅಲ್ಲೇ ಮುರಿದುಬಿತ್ತು. ಆದರೆ ತಪ್ಪಾಯಿತು ಎನ್ನಲು ನಾಲಿಗೆ ಹೊರಳಲಿಲ್ಲ. ಸಿಟ್ಟಿಗೆ ಓಡಿ ಬರುವ ನಾಲಿಗೆ ಇಂಥ ಹೊತ್ತಿಗೆ ಕೈ ಕೊಡುತ್ತದೆ.

ಆಯಿ ಗೋಡೆಯ ಕಡೆ ತಿರುಗಿದಳು. "ಬನದ್ದು ಯಾವ ಗಂಟು?"

"ಏಳರಿಂದ ಹನ್ನೆರಡು."

ಕಣ್ಣನ್ನು ಗೋಡೆಗೆ ತೀರ ಹತ್ತಿರ ಹಿಡಿದು ಅವಳು ಓದತೊಡಗಿದಳು. ಒಂದರಿಂದ ಆರರವರೆಗಿನವು ಅರ್ಧ ಕಿಲೋಗೆ ಇಪ್ಪತ್ತು, ಇಪ್ಪತ್ತೆರಡು ಗ್ರಾಂ ಇಳಿದಿದ್ದವು. ಏಳರಿಂದ ಮುಂದಿನವು ಐವತ್ತೈದು, ಅರವತ್ತು.

"ಇವು ಆರು ಭಾಳ ಇಳದುವು," ಎಂದಳು. "ಸುಡುವಾಗ ನಾ ಅಂದೆ, ಈ ಕಡೇ ನೆಲದಾಗ ಭಾಳ ಕಸಾ ಐತಿ. ಸುಟ್ಟ ಹೋಗೂದೆಲ್ಲಾ ಕಸಾನ ಅಲ್ಲ? ಉಳದದ್ದ ನಮ್ಮ ಬೆಳ್ಳಿ."

ನಾನು ಗೋಡೆಯನ್ನೇ ನೋಡುತ್ತ ನಿಂತೆ. ಪ್ರಯೋಗಾಲಯದಲ್ಲಿ ನಾವೂ ಒಂದು ಭಟ್ಟಿ ಇಟ್ಟಿದ್ದೇವೆ. ಮಣ್ಣನ್ನು ತೂಗಿ, ಕೆಂಪಗೆ ಕಾಯಿಸಿ, ಮತ್ತೆ ತೂಗುತ್ತೇವೆ. ಎಷ್ಟು ಇಳಿಯಿತೋ ಅಷ್ಟು ಅದರಲ್ಲಿ ಜೀವದ ಅಂಶ ಇತ್ತೆಂದು ಲೆಕ್ಕ: ಕೊಳೆತ ಎಲೆ, ಬೇರು, ಹುಳದ ಹಿಕ್ಕೆ, ಬೂಷ್ಟಿನ ಎಳೆ. ಇಂಗಾಲ ಕೂತಿರುವುದು ಅದರೊಳಗೆ. ಆಯಿ ಎರಡು ದಿನ ಮಾಡಿದ್ದು ಅದನ್ನೇ.

"ಆಯಿ, ಮಣ್ಣಿನಾಗ ಉಲ್ಟಾ ಐತಿ," ಎಂದೆ. "ಮಣ್ಣಿನಾಗ ಸುಟ್ಟ ಹೋಗೂದ ಬೆಳ್ಳಿ, ಉಳಿಯೂದ ಕಸಾ. ಆ ಅರವತ್ತ ಗ್ರಾಂ ಬನದ ಗಿಡಗೋಳು ನೂರಾರ ವರ್ಷ ಎಲಿ ಉದರಿಸಿ ಕೂಡಿಸಿದ್ದು. ನೀರ ಹಿಡಿಯೂದು ಅದ, ಬೀಜಾ ಮೊಳಸೂದೂ ಅದರಿಂದ. ಸುಡುವ ಮಗ್ಗಲದಾಗ ಅದು ವರ್ಷಾ ಇಷ್ಟಿಷ್ಟ ಹೋಗಿ ಹೋಗಿ ಬರೇ ಇಪ್ಪತ್ತ ಉಳದೈತಿ."

ಆಯಿ ಇದ್ದಿಲು ಹಿಡಿದ ತನ್ನ ಬೆರಳುಗಳನ್ನು ನೋಡಿಕೊಂಡಳು. "ನಲವತ್ತ ವರ್ಷ ಉಳದದ್ದನ್ನ ನೋಡೇನಿ. ಹೋಗೂದನ್ನ ಒಮ್ಮೀನೂ ನೋಡಲಿಲ್ಲ," ಎಂದಳು.

ಮಲ್ಲಿನಾಥ ಸರ್‌ಗೆ ಫೋನ್ ಮಾಡಿ ಅಳುತ್ತ ಎಲ್ಲ ಹೇಳಿದೆ. ಅವರು ಪಾಪ ಸಮಾಧಾನದಿಂದ ಕೇಳಿದರು. ನಿಮ್ಮ ಅಜ್ಜಿಯ ಭಟ್ಟಿಯ ಶಾಖ ಎಷ್ಟಿತ್ತೆಂದು ನಮಗೆ ಗೊತ್ತಿಲ್ಲ, ಗೋಡೆಯ ಅಂಕಿಯನ್ನು ಹಾಗೆಯೇ ಪ್ರಬಂಧದಲ್ಲಿ ಹಾಕಲು ಬರುವುದಿಲ್ಲ ಎಂದರು. ಕೊನೆಗೆ, "ಒಂದೊಂದರದು ಒಂದು ಚಮಚ ಉಳಿದಿದ್ದರೂ ಸಾಕಿತ್ತು. ಇಂಗಾಲದ ಪರೀಕ್ಷೆಗೆ ಒಂದು ಗ್ರಾಂ ಕೂಡ ಬೇಡ," ಎಂದು ನಿಟ್ಟುಸಿರು ಬಿಟ್ಟರು. ಫೋನು ಸ್ಪೀಕರಿನಲ್ಲಿತ್ತು.

ಆಯಿ ಮಣೆಯಿಂದ ಎದ್ದಳು. ಗೋಡೆಯ ಗೂಡಿಗೆ ಕೈ ಹಾಕಿ ಒಂದು ಕಡ್ಡಿಪೆಟ್ಟಿಗೆ ತೆಗೆದಳು. ಆಮೇಲೆ ಇನ್ನೊಂದು. ಹನ್ನೆರಡನ್ನೂ ನನ್ನ ಮುಂದೆ ಸಾಲಾಗಿ ಇಟ್ಟಳು.

ಭಟ್ಟಿಯ ಈ ಒಂದು ರೀತಿಯನ್ನು ನಾನು ಮೇಲೆ ಹೇಳಲಿಲ್ಲ. ಯಾಕೆಂದರೆ ಆ ಹೊತ್ತು ನನಗೇ ಮರೆತುಹೋಗಿತ್ತು, ಚಿಕ್ಕಂದಿನಿಂದ ನೋಡಿದ್ದರೂ. ಬೆಂಕಿಗೆ ಹಾಕುವ ಮುಂಚೆ ಪ್ರತಿ ಗಂಟಿನಿಂದ ಒಂದು ಕಡ್ಡಿಪೆಟ್ಟಿಗೆಯಷ್ಟು ಧೂಳನ್ನು ತೆಗೆದಿಡಬೇಕು. ಬೆಳ್ಳಿ ಕಡಿಮೆ ಬಂತೆಂದು ಯಾರಿಗಾದರೂ ಅನುಮಾನ ಬಂದರೆ ಆ ಧೂಳನ್ನು ಬೇರೆ ಕಡೆ ಪರೀಕ್ಷೆ ಮಾಡಿಸಲಿ ಎಂದು. ಗಿರಾಕಿಯ ಬೆಳ್ಳಿ ಗಿರಾಕಿಯ ಕೈ ಸೇರುವವರೆಗೂ ಸುಟ್ಟವರು ಆ ಪೆಟ್ಟಿಗೆಯನ್ನು ಕಾಯಬೇಕು. ನಲವತ್ತು ವರ್ಷದಲ್ಲಿ ಯಾರೂ ಅನುಮಾನ ಪಡಲಿಲ್ಲ, ಆಯಿ ತೆಗೆದಿಡುವುದನ್ನು ಬಿಡಲಿಲ್ಲ.

ಏಳನೆಯ ಪೆಟ್ಟಿಗೆ ತೆರೆದೆ. ಕಪ್ಪು ಮಣ್ಣು, ಅದರಲ್ಲಿ ಕೂದಲಿನಂಥ ಒಂದು ಬೇರು. ನಾನು ಆಯಿಯ ಮಡಿಲಲ್ಲಿ ಮುಖ ಹುದುಗಿಸಿ ಅತ್ತೆ. ಅವಳ ಸೀರೆಯಲ್ಲಿ ಹೊಗೆ ನಾರುತ್ತಿತ್ತು. "ತಪ್ಪಾತ ಆಯಿ," ಎಂದೆ. "ಆಗಲಿ ಏಳ," ಎಂದಳು. ಆದರೆ ಕಣ್ಣಿನ ವಿಷಯ ಆಡಿದ ಮಾತು ಅವಳಿಗೆ ತಾಗಿತ್ತು. ಅಂದಿನಿಂದ ಅವಳು ಗಂಟು ಬಿಚ್ಚುವ ಮುಂಚೆ ಅಪ್ಪನನ್ನು ಕರೆದು ಅದು ಯಾರದೆಂದು ಕೇಳುತ್ತಾಳೆ. ಪ್ರತಿ ಸಲವೂ ನನಗೆ ಚುಚ್ಚುತ್ತದೆ.

ಸೋಮವಾರ ಪರೀಕ್ಷೆ ಆಯಿತು. ಬನದ ಮಣ್ಣಿನಲ್ಲಿ ಇಂಗಾಲ ಸುಡುವ ಮಗ್ಗುಲಿನದಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು. ಗೋಡೆಯ ಅಂಕಿಯೂ ಹೆಚ್ಚುಕಡಿಮೆ ಅದನ್ನೇ ಹೇಳಿತ್ತು. ಮಲ್ಲಿನಾಥ ಸರ್ ಗೋಡೆಯ ಫೋಟೋ ಕೇಳಿ ತರಿಸಿಕೊಂಡರು. ನನ್ನ ಪ್ರಬಂಧ ಉಳಿಯಿತು.

ಬನ ಉಳಿಯಲಿಲ್ಲ. ಮುಂದಿನ ಭಾನುವಾರ ಆಯಿ ಹಟ ಹಿಡಿದು ತವರಿಗೆ ಹೊರಟಳು. ಉಳಿದ ಮಣ್ಣಿನ ಪೆಟ್ಟಿಗೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ನಿಪ್ಪಾಣಿ ದಾಟಿ, ಗಡಹಿಂಗ್ಲಜದಲ್ಲಿ ಇನ್ನೊಂದು ಬಸ್ಸು ಹಿಡಿದು ಮಧ್ಯಾಹ್ನಕ್ಕೆ ಮುಟ್ಟಿದೆವು. ಮೊದಲು ಗುಡ್ಡಕ್ಕೇ ಹೋದಳು. ಬೂದಿಯಲ್ಲಿ ಬಸವನಹುಳದ ಬಿಳಿ ಚಿಪ್ಪುಗಳು ಬಿದ್ದಿದ್ದವು, ನೂರಾರು. ದೊಡ್ಡ ನೇರಳೆ ಮರ ಬುಡ ಸುಟ್ಟು ನಿಂತಿತ್ತು, ಬದುಕಿದರೂ ಬದುಕೀತು. ಅದರ ಕೆಳಗೆ ಮೊಣಕಾಲೆತ್ತರ ಬೆಳೆದಿದ್ದ ಸಸಿಗಳು ಒಂದೂ ಇರಲಿಲ್ಲ. ನಾನು ಬಾಟಲಿಯ ನೀರನ್ನು ನೆಲಕ್ಕೆ ಹೊಯ್ದೆ. ಜನವರಿಯಲ್ಲಿ ಗಟಗಟ ಕುಡಿದಿದ್ದ ನೆಲ ಈಗ ಕುಡಿಯಲಿಲ್ಲ. ನೀರು ಗುಂಡುಗುಂಡಾಗಿ ಉರುಳಿ ಇಳಿಜಾರಿಗೆ ಹೋಯಿತು.

"ನೆಲಾ ಬಾಯಿ ಮುಚ್ಚೇತಿ," ಎಂದಳು ಆಯಿ.

ದತ್ತಾ ಅಜ್ಜ ಪಡಸಾಲೆಯಲ್ಲಿ ಬೀಡಿ ಸೇದುತ್ತ ಕೂತಿದ್ದ. ಅಕ್ಕನನ್ನು ಕಂಡವನೇ ಬೀಡಿ ಆರಿಸಿ ಎದ್ದು ನಿಂತ. ಕುಶಲ ಕೇಳುವ ಮುಂಚೆಯೇ ಅವನ ಬಾಯಿಂದ ಮಾತು ಹೊರಬಿತ್ತು. "ನಾನ ಹಚ್ಚಿದ್ದ ಅಕ್ಕಾ. ವರ್ಷಾ ಹಚ್ಚತೇನಲ್ಲ, ಹಂಗ ಆ ಮಗ್ಗಲಾ ಹಚ್ಚಿದೆ. ಗಾಳಿ ತಿರಗತೈತಿ ಅಂತ ಯಾರಿಗೆ ಗೊತ್ತಿತ್ತು? ಟೊಂಗಿ ತಗೊಂಡ ಬಡದೆ, ಕೈ ಸುಟಗೊಂಡೆ, ಆರಲಿಲ್ಲ." ಕೈಯ ಬಟ್ಟೆ ಬಿಚ್ಚಿ ಅಕ್ಕನಿಗೆ ತೋರಿಸಿದ. ಒಳಗಿನಿಂದ ಬಂದ ಸಾವಕ್ಕಜ್ಜಿ ನನ್ನ ಮುಖ ನೋಡಲಾರದೆ ನೀರಿನ ತಂಬಿಗೆ ಇಟ್ಟು ಒಳಗೆ ಹೋದಳು.

ನಾನು ಬಾಯಿ ತೆರೆದೆ. ಹೇಳುವುದಕ್ಕೆ ನನ್ನ ಬಳಿ ಬೇಕಾದಷ್ಟು ಇತ್ತು. ಆಯಿ ನನ್ನ ಮೊಣಕೈ ಹಿಡಿದು ಕೂರಿಸಿದಳು.

"ನಾನೂ ಸುಟ್ಟೇನಿ ತಮ್ಮಾ," ಎಂದಳು. "ನೀ ಗುಡ್ಡದಾಗ ಸುಟ್ಟಿ, ನಾ ಭಟ್ಟ್ಯಾಗ ಸುಟ್ಟೆ. ಇಬ್ರೂ ಏನರ ಬರತೈತಿ ಅಂತ ಸುಟ್ಟಿವಿ."

ಅವನ ಮುಂದೆ ಎರಡು ಪೆಟ್ಟಿಗೆ ತೆರೆದಿಟ್ಟಳು. ಒಂದರಲ್ಲಿ ಕೆಂಪು, ಒಂದರಲ್ಲಿ ಕಪ್ಪು. "ಈ ಕೆಂಪಂದು ನೀ ಹುಟ್ಟೂ ಮುಂಚೆ ಈ ಕರೇದರ ಹಂಗ ಇತ್ತು. ನಾ ನೋಡೇನಿ. ಆ ಮಗ್ಗಲದಾಗೂ ನೇರಳಹಣ್ಣ ಆರಸಾಕ ಹೋಗತಿದ್ವಿ."

ದತ್ತಾ ಅಜ್ಜ ಕಪ್ಪು ಮಣ್ಣನ್ನು ಮೂಗಿಗೆ ಹಿಡಿದ. ಬಹಳ ಹೊತ್ತು ಹಿಡಿದುಕೊಂಡೇ ಇದ್ದ. "ಆದರ ಸುಟ್ಟರ ಹುಲ್ಲ ಬರತೈತಿ ಅಕ್ಕಾ," ಎಂದ. ಧ್ವನಿಯಲ್ಲಿ ಜೋರಿರಲಿಲ್ಲ.

ಅವನ ಮಾತು ಸುಳ್ಳಲ್ಲ. ಬೂದಿಯ ಸತ್ವಕ್ಕೆ ಮೊದಲ ಮಳೆಗೆ ಹಸಿರು ಚಿಗಿಯುತ್ತದೆ. ಉಳಿದ ಬೂದಿ ಅದೇ ಮಳೆಗೆ ಹಳ್ಳಕ್ಕೆ ಹರಿದು ಹೋಗುತ್ತದೆ. "ಹಿಂದ ಎರಡ ಎಮ್ಮಿಗೆ ಎಲ್ಲೀತನಕಾ ಹುಲ್ಲ ಸಾಲತಿತ್ತ ಅಜ್ಜಾ?" ಎಂದು ಕೇಳಿದೆ, ಆದಷ್ಟು ಮೆತ್ತಗೆ. ಅವನು ಯೋಚಿಸಿ, "ಸಂಕ್ರಮಣದತನಕಾ," ಎಂದ. "ಈಗ?" "ದೀಪಾವಳಿಗೆ ಖಾಲಿ," ಎಂದ.

ಆಯಿ ನನ್ನನ್ನು ಕೇಳಿದಳು. "ಇದು ಮತ್ತ ಹಿಂಗ ಕರ್ರಗಾಗಾಕ ಎಷ್ಟ ದಿವ್ಸ ಬೇಕು?"

"ಇನ್ನ ಮುಂದ ಸುಡಲಿಲ್ಲಂದ್ರ ಇಪ್ಪತ್ತ ಮೂವತ್ತ ವರ್ಷ, ಆಯಿ. ಹೆಚ್ಚಿಗೂ ಆಗಬಹುದು."

ಅವಳಿಗೆ ಎಪ್ಪತ್ತೆರಡು. ಅವಳು ಮನಸ್ಸಿನಲ್ಲಿ ಎಣಿಸಿದ್ದು ನನಗೆ ಕಂಡಿತು. ಹನ್ನೊಂದು ಪೆಟ್ಟಿಗೆಗಳನ್ನು ಒಟ್ಟು ಮಾಡಿ ನನ್ನ ಕೈಗೆ ಕೊಟ್ಟಳು. "ಗುಡ್ಡದ ಬೆಳ್ಳಿ ಗುಡ್ಡಕ್ಕ ಮುಟ್ಟೂತನಕಾ ಇವನ್ನ ಕಾಯಬೇಕು. ನಾ ಇರಾಂಗಿಲ್ಲ, ನೀ ಕಾಯಿ." ಏಳನೆಯದನ್ನು ಮುಚ್ಚಿ ತಮ್ಮನ ಕಡೆ ಚಾಚಿದಳು.

"ನನಗ್ಯಾಕ ಅಕ್ಕಾ ಇದು?"

"ಸುಟ್ಟಾವರು ಇಟಗೋಬೇಕ ದತ್ತಾ. ನಮ್ಮ ಭಟ್ಟಿ ರೀತಿ ಅದು."

ದತ್ತಾ ಅಜ್ಜ ಸುಟ್ಟ ಕೈಯನ್ನು ಹಿಂದೆ ಮಾಡಿ ಇನ್ನೊಂದು ಕೈಯಲ್ಲಿ ಅದನ್ನು ತೆಗೆದುಕೊಂಡ. ಅಂಗಿಯ ಜೇಬಿಗೆ ಇಡಲು ಹೋದರೆ ಅಲ್ಲಿ ಆಗಲೇ ಒಂದು ಕಡ್ಡಿಪೆಟ್ಟಿಗೆ ಇತ್ತು. ಎರಡನ್ನೂ ಹೊರಗೆ ತೆಗೆದು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ. ಕಡ್ಡಿಯ ಸದ್ದು ಬಾರದ್ದನ್ನು ಜೇಬಿಗೆ ಇಟ್ಟುಕೊಂಡ. ಸದ್ದು ಬಂದದ್ದನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತ. ಆಮೇಲೆ ಅಡಿಗೆಮನೆಯ ಬಾಗಿಲಿಗೆ ಹೋಗಿ, "ಸಾವಕ್ಕಾ, ಇದನ್ನ ಇನ್ನ ಮುಂದ ಒಲಿ ಹತ್ರನ ಇಡ. ಅಕ್ಕಗ ಚಹಾ ಮಾಡ," ಎಂದ.